ಮುಂಗಡ ಕೊಟ್ಟವರಿಗೆ ಮಾತ್ರ ಸ್ಪಾರ್ಟಾ: ಯುದ್ಧತಂತ್ರದ ಆಟಗಳ ‘ಬಹುಮಾನ’ದ ಕಥೆ

ಪ್ರಾಚೀನ ರೋಮ್ ಕಾಲದ ಯುದ್ಧಗಳನ್ನು ಆಧರಿಸಿದ ಕಂಪ್ಯೂಟರ್ ಆಟವೊಂದನ್ನು ನೀವು ಕೊಂಡಿದ್ದೀರಿ ಎಂದುಕೊಳ್ಳಿ. ಭೂಪಟದಲ್ಲಿ ಅಥೆನ್ಸ್ ಇದೆ, ಸ್ಪಾರ್ಟಾ ಇದೆ. ಸ್ಪಾರ್ಟಾದ ಸೈನ್ಯ ನಿಮ್ಮ ಗಡಿಗೆ ಬಂದು ನಿಲ್ಲುತ್ತದೆ, ಅದರೊಡನೆ ನೀವು ಯುದ್ಧವನ್ನೂ ಮಾಡಬಹುದು, ಸಂಧಿಯನ್ನೂ ಮಾಡಿಕೊಳ್ಳಬಹುದು. ಆದರೆ ಸ್ಪಾರ್ಟಾದ ಪಕ್ಷ ವಹಿಸಿ ನೀವೇ ಆಡುತ್ತೇನೆಂದರೆ ಬಾಗಿಲು ಮುಚ್ಚಿದೆ. ಆಟ ಬಿಡುಗಡೆಯಾಗುವ ಮೊದಲೇ ಹಣ ಕಟ್ಟಿದವರಿಗೆ ಅದು ಉಚಿತ, ಉಳಿದವರು ಬೇರೆಯಾಗಿಯೇ ಹಣ ತೆರಬೇಕು.

ಇದು ಕಲ್ಪನೆಯಲ್ಲ. 2013ರ ಸೆಪ್ಟೆಂಬರ್ 3ರಂದು ಬಿಡುಗಡೆಯಾದ ‘ಟೋಟಲ್ ವಾರ್: ರೋಮ್ 2’ ಆಟದಲ್ಲಿ ನಡೆದದ್ದು ಇದೇ. ಇಂಗ್ಲೆಂಡಿನ ಹಾರ್ಶಮ್ ಪಟ್ಟಣದ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ ಇದನ್ನು ರೂಪಿಸಿತು. ಜಪಾನಿನ ಸೆಗಾ ಕಂಪನಿ ಪ್ರಕಟಿಸಿತು. ಅಥೆನ್ಸ್, ಸ್ಪಾರ್ಟಾ ಮತ್ತು ಎಪಿರಸ್ ಎಂಬ ಮೂರು ಗ್ರೀಕ್ ರಾಜ್ಯಗಳು ಮುಂಗಡ ಖರೀದಿದಾರರಿಗೆ ‘ಬಹುಮಾನ’ವಾಗಿ ಸಂದವು. ಹೊಸ ಆಟವೊಂದು ಘೋಷಣೆಯಾದಾಗಲೆಲ್ಲ ‘ಈ ಸಲ ಯಾವ ಬಣವನ್ನು ಮುಂಗಡಕ್ಕೆ ಮೀಸಲಿಟ್ಟಿದ್ದಾರೆ’ ಎಂಬ ಪ್ರಶ್ನೆ ಅಭಿಮಾನಿಗಳ ನಡುವೆ ಏಳುವುದಕ್ಕೆ ಇಂಥ ಅನುಭವಗಳೇ ಕಾರಣ.

ಈ ಬಗೆಯ ಆಟಗಳ ಪರಿಚಯವಿಲ್ಲದವರಿಗೆ ‘ಬಣ’ ಎಂದರೇನು ಎಂಬುದನ್ನು ವಿವರಿಸುವುದು ಅಗತ್ಯ. ಚದುರಂಗದಲ್ಲಿ ಬಿಳಿಯ ಕಡೆ ಕುಳಿತರೂ ಕಪ್ಪಿನ ಕಡೆ ಕುಳಿತರೂ ಆನೆ, ಕುದುರೆ, ಒಂಟೆಗಳು ಒಂದೇ, ನಡೆಗಳೂ ಒಂದೇ. ಯುದ್ಧತಂತ್ರದ ಆಟಗಳಲ್ಲಿ ಹಾಗಲ್ಲ. ಪ್ರತಿಯೊಂದು ಬಣಕ್ಕೂ ತನ್ನದೇ ಸೈನಿಕರು, ಕಟ್ಟಡಗಳು, ತೆರಿಗೆಯ ಪದ್ಧತಿ, ಆರಂಭದ ನೆಲೆ, ನೆರೆಯ ಶತ್ರುಗಳು ಇರುತ್ತಾರೆ. ಬಣ ಬದಲಾದರೆ ಆಟದ ಸ್ವರೂಪವೇ ಬದಲಾಗುತ್ತದೆ. ಒಂದೇ ಆಟವನ್ನು ಜನ ವರ್ಷಗಟ್ಟಲೆ ಮತ್ತೆ ಮತ್ತೆ ಆಡುವುದರ ಗುಟ್ಟು ಇದು. ಬೇರೆ ಬಗೆಯ ಆಟಗಳಲ್ಲಿ ಮುಂಗಡ ಬಹುಮಾನವೆಂದು ನಾಯಕನಿಗೊಂದು ಬಣ್ಣದ ಅಂಗಿಯನ್ನೋ ಕತ್ತಿಯನ್ನೋ ಕೊಟ್ಟರೆ, ಸಿಗದವರಿಗೆ ಹೆಚ್ಚಿನ ನಷ್ಟವಿಲ್ಲ. ಇಲ್ಲಿ ಕೈತಪ್ಪುವುದು ಆಟದ ಒಂದು ಅಧ್ಯಾಯವೇ.

ಅಸಮಾಧಾನ ಸ್ಫೋಟಗೊಂಡದ್ದು ‘ಟೋಟಲ್ ವಾರ್: ವಾರ್‌ಹ್ಯಾಮರ್’ ಸಂದರ್ಭದಲ್ಲಿ. ಬ್ರಿಟನ್ನಿನ ಜನಪ್ರಿಯ ಮೇಜಿನಾಟವೊಂದರ ಕಲ್ಪನಾಲೋಕವನ್ನು ಆಧರಿಸಿದ ಈ ಆಟ 2016ರ ಮೇ 24ರಂದು ಮಾರುಕಟ್ಟೆಗೆ ಬಂತು. ಎಂಪೈರ್, ಡ್ವಾರ್ಫ್ಸ್, ಗ್ರೀನ್‌ಸ್ಕಿನ್ಸ್, ವ್ಯಾಂಪೈರ್ ಕೌಂಟ್ಸ್ ಎಂಬ ನಾಲ್ಕು ಬಣಗಳು ಎಲ್ಲರಿಗೂ ಲಭ್ಯವಿದ್ದವು. ಐದನೆಯದಾದ ‘ಕೇಯಾಸ್ ವಾರಿಯರ್ಸ್’ ಮುಂಗಡ ಕೊಟ್ಟವರಿಗೆ ಮಾತ್ರ ಎಂದು 2015ರ ಅಕ್ಟೋಬರ್‌ನಲ್ಲೇ ಪ್ರಕಟಿಸಲಾಗಿತ್ತು.

ಕೇಯಾಸ್ ಎಂದರೆ ಆ ಕಥಾಲೋಕದ ಮುಖ್ಯ ಖಳಪಕ್ಷ. ಉತ್ತರದಿಂದ ಪ್ರವಾಹದಂತೆ ನುಗ್ಗಿ ಲೋಕವನ್ನೇ ಮುಳುಗಿಸಲು ಹೊರಟ ಪಡೆ ಅದು. ಅದರ ನಾಯಕ ಆರ್ಕಾನ್ ಎಲ್ಲ ಆಟಗಾರರಿಗೂ ಎದುರಾಗುತ್ತಾನೆ, ಅವನ ಸೈನಿಕರು ಎಲ್ಲರ ಪರದೆಯ ಮೇಲೂ ಮೆರೆಯುತ್ತಾರೆ. ಅಂದರೆ ಆ ಪಡೆ ಎಲ್ಲರೂ ಕೊಂಡ ಆಟದೊಳಗೆ ಇತ್ತು. ಅದನ್ನು ನಡೆಸುವ ಅಧಿಕಾರವಷ್ಟೇ ಇರಲಿಲ್ಲ. ರಾವಣನಿಲ್ಲದ ರಾಮಾಯಣವನ್ನು ಯಾರೂ ಬಯಸರು, ನಿಜ. ಆದರೆ ಯಕ್ಷಗಾನದ ಮೇಳವೊಂದು ರಾವಣನ ವೇಷಕ್ಕೆಂದೇ ಬೇರೆ ಟಿಕೆಟ್ ಇಟ್ಟರೆ ಪ್ರೇಕ್ಷಕರು ಸುಮ್ಮನಿರುತ್ತಾರೆಯೇ? ಅಭಿಮಾನಿಗಳೂ ಸುಮ್ಮನಿರಲಿಲ್ಲ. ಕಂಪನಿ ಸಮಜಾಯಿಷಿ ನೀಡಬೇಕಾಯಿತು. ಕೊನೆಗೆ ಬಿಡುಗಡೆಯ ನಂತರದ ಮೊದಲ ವಾರದಲ್ಲಿ ಕೊಂಡವರಿಗೂ ಈ ಬಣವನ್ನು ಉಚಿತವಾಗಿ ಕೊಡುವುದಾಗಿ ಅದು ಷರತ್ತನ್ನು ಸಡಿಲಿಸಿತು.

ಉದ್ಯಮದ ವಾದವನ್ನೂ ಕೇಳಬೇಕು. ಆಟವೊಂದರ ನಿರ್ಮಾಣದ ಕೊನೆಯ ತಿಂಗಳುಗಳಲ್ಲಿ ದೋಷ ಹುಡುಕುವವರಿಗೆ, ಪ್ರೋಗ್ರಾಮರ್‌ಗಳಿಗೆ ಬಿಡುವಿಲ್ಲದ ಕೆಲಸವಿರುತ್ತದೆ. ಚಿತ್ರಕಾರರ ಕೆಲಸ ಅಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಆ ಬಿಡುವಿನ ಕೈಗಳಿಂದ ಪ್ರತ್ಯೇಕ ವೆಚ್ಚದಲ್ಲಿ ಹೆಚ್ಚುವರಿ ಬಣವನ್ನು ಮಾಡಿಸಿದರೆ ಅದು ಮೂಲ ಆಟದಿಂದ ಕತ್ತರಿಸಿದ್ದು ಹೇಗಾದೀತು ಎಂಬುದು ಅವರ ಪ್ರಶ್ನೆ. ಇದರಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಹೆಚ್ಚುವರಿ ಎಂದು ಆರಿಸಿಕೊಂಡದ್ದು ಮೂಲೆಯ ಯಾವುದೋ ಸಣ್ಣ ರಾಜ್ಯವನ್ನಲ್ಲ, ಜನ ಮೊದಲು ಕೇಳುವ ಸ್ಪಾರ್ಟಾವನ್ನು, ಕಥೆಯ ಖಳನಾಯಕನನ್ನು. ಇದು ಆಕಸ್ಮಿಕವೆಂದು ಈ ಲೇಖಕನಿಗಂತೂ ತೋರುವುದಿಲ್ಲ.

ಕೊಳ್ಳುವವನು ತೆರುವ ಬೆಲೆ

ಮುಂಗಡ ಕಾಯ್ದಿರಿಸುವ ಪದ್ಧತಿ ಹುಟ್ಟಿದ್ದು ಆಟಗಳು ಡಬ್ಬಿಗಳಲ್ಲಿ ಬರುತ್ತಿದ್ದ ಕಾಲದಲ್ಲಿ. ಅಂಗಡಿಯಲ್ಲಿ ಪ್ರತಿ ಮುಗಿದುಹೋಗಬಹುದೆಂಬ ಆತಂಕಕ್ಕೆ ಆಗ ಅರ್ಥವಿತ್ತು. ಅಂತರ್ಜಾಲದಿಂದ ನೇರವಾಗಿ ಇಳಿಸಿಕೊಳ್ಳುವ ಆಟಕ್ಕೆ ದಾಸ್ತಾನು ಮುಗಿಯುವ ಪ್ರಶ್ನೆಯೇ ಇಲ್ಲ. ಹೀಗಾಗಿ ಮುಂಗಡ ಕೊಡಲು ಬೇರೆ ಕಾರಣವನ್ನು ಸೃಷ್ಟಿಸಬೇಕಾಯಿತು. ಆ ಕಾರಣವೇ ಬಹುಮಾನ. ಅದಕ್ಕೆ ಪ್ರತಿಯಾಗಿ ಗ್ರಾಹಕ ಬಿಟ್ಟುಕೊಡುವುದು ವಿಮರ್ಶೆ ಓದಿ ನಿರ್ಧರಿಸುವ ಅವಕಾಶವನ್ನು.

ಆ ಅವಕಾಶದ ಬೆಲೆ ಏನೆಂಬುದು ‘ರೋಮ್ 2’ ಕೊಂಡವರಿಗೆ ಮೊದಲ ದಿನವೇ ತಿಳಿಯಿತು. ಆಟ ದೋಷಗಳ ಮೂಟೆಯಾಗಿತ್ತು. ಪರದೆ ತಡವರಿಸುತ್ತಿತ್ತು, ಕಂಪ್ಯೂಟರ್ ನಡೆಸುವ ಸೇನೆಗಳು ದಿಕ್ಕುಗೆಟ್ಟಂತೆ ವರ್ತಿಸುತ್ತಿದ್ದವು. ಸಂಸ್ಥೆಯ ಮೈಕ್ ಸಿಂಪ್ಸನ್ ಬಹಿರಂಗವಾಗಿ ಕ್ಷಮೆ ಕೋರಿದರು. ಸಾಲುಸಾಲು ತಿದ್ದುಪಡಿಗಳ ಬಳಿಕ 2014ರಲ್ಲಿ ‘ಎಂಪರರ್ ಎಡಿಷನ್’ ಎಂಬ ಪರಿಷ್ಕೃತ ರೂಪವನ್ನು ಹಳೆಯ ಖರೀದಿದಾರರಿಗೆ ಉಚಿತವಾಗಿ ಕೊಡಲಾಯಿತು. ಸ್ಪಾರ್ಟಾದ ಆಸೆಗೆ ಮುಂಗಡ ಕೊಟ್ಟವರು ಸುಸ್ಥಿತಿಯ ಆಟಕ್ಕಾಗಿ ಸರಿಸುಮಾರು ಒಂದು ವರ್ಷ ಕಾದಂತಾಯಿತು.

2017ರ ‘ವಾರ್‌ಹ್ಯಾಮರ್ 2’ ಆಟದ ನಾರ್ಸ್ಕಾ ಬಣದ ಕಥೆ ಇನ್ನೂ ವಿಚಿತ್ರ. ಎರಡನೆಯ ಆಟಕ್ಕೆ ಮುಂಗಡ ಕೊಟ್ಟವರಿಗೆ ಮೊದಲನೆಯ ಆಟದಲ್ಲಿ ಈ ಬಣವನ್ನು ಕೊಡಲಾಯಿತು. ಎರಡೂ ಆಟಗಳ ಭೂಪಟವನ್ನು ಬೆಸೆದ ‘ಮಾರ್ಟಲ್ ಎಂಪೈರ್ಸ್’ 2017ರ ಅಕ್ಟೋಬರ್‌ನಲ್ಲಿ ಬಂದಾಗ ನಾರ್ಸ್ಕಾ ಆಡಲು ಸಿಗಲಿಲ್ಲ. ಹಳೆಯ ಆಟದ ತಂತ್ರಾಂಶಕ್ಕೆಂದು ಮಾಡಿದ್ದನ್ನು ಹೊಸದರಲ್ಲಿ ಕೂಡಿಸುವುದು ಎಣಿಸಿದ್ದಕ್ಕಿಂತ ಕಷ್ಟವಾಯಿತು. ಅಲ್ಲಿಗೆ ನಾರ್ಸ್ಕಾ ಬಂದದ್ದು 2018ರಲ್ಲಿ, ತಿಂಗಳುಗಟ್ಟಲೆ ತಡವಾಗಿ.

ಕಟ್ಟಿದ ಹಣ ಮರಳಿ ಬರುವುದೇ? 2015ರ ಜೂನ್‌ನಲ್ಲಿ ಸ್ಟೀಮ್ ಆನ್‌ಲೈನ್ ಮಳಿಗೆ ಹಣ ಹಿಂತಿರುಗಿಸುವ ನಿಯಮವನ್ನು ಜಾರಿಗೆ ತಂದಿತು. ಮುಂಗಡ ಖರೀದಿಯನ್ನು ಬಿಡುಗಡೆಗೆ ಮೊದಲು ಯಾವಾಗ ಬೇಕಾದರೂ ರದ್ದುಪಡಿಸಬಹುದು. ಬಿಡುಗಡೆಯ ನಂತರವಾದರೆ 14 ದಿನಗಳೊಳಗೆ ಕೇಳಬೇಕು, ಆಡಿದ ಅವಧಿ 2 ಗಂಟೆ ಮೀರಿರಬಾರದು. ಭಾರತದ ಖರೀದಿದಾರರಿಗೂ ಇದೇ ನಿಯಮ ಅನ್ವಯಿಸುತ್ತದೆ. ತೊಡಕಿರುವುದು ಆ 2 ಗಂಟೆಯಲ್ಲಿ. ಹತ್ತಾರು ಗಂಟೆ ಸಾಗುವ ದಂಡಯಾತ್ರೆಯಲ್ಲಿ ಮೊದಲೆರಡು ಗಂಟೆ ಎಂದರೆ ಒಂದೆರಡು ಪಟ್ಟಣ ಗೆದ್ದು, ಒಂದು ಒಪ್ಪಂದ ಮಾಡಿಕೊಂಡಷ್ಟರಲ್ಲಿ ಕಳೆದುಹೋಗುತ್ತದೆ. ಕೇಯಾಸ್ ದಾಳಿಯಂಥ ದೊಡ್ಡ ಘಟ್ಟಗಳಾಗಲೀ, ಎದುರಾಳಿ ಬಣಗಳ ನಿಜವಾದ ಬುದ್ಧಿಮಟ್ಟವಾಗಲೀ ಅಷ್ಟರಲ್ಲಿ ಗೋಚರಿಸವು.

ಆಟಗಾರನಿಗೆ ಉಳಿದಿರುವ ಅನುಕೂಲವೆಂದರೆ ಕೇಯಾಸ್ ಗಲಾಟೆಯಿಂದ ದಕ್ಕಿದ ಮೊದಲ ವಾರದ ಷರತ್ತು. 2019ರ ಮೇ 23ರಂದು ಬಂದ ‘ತ್ರೀ ಕಿಂಗ್‌ಡಮ್ಸ್’ ಆಟದ ಯೆಲ್ಲೋ ಟರ್ಬನ್ ಬಣವನ್ನೂ ಇದೇ ಕ್ರಮದಲ್ಲಿ ಹಂಚಲಾಯಿತು. ಇಂಥ ಷರತ್ತು ಇದ್ದೆಡೆ ಬಿಡುಗಡೆಯ ದಿನ ಸುಮ್ಮನಿದ್ದು, ಆಡಿದವರು ಬರೆದದ್ದನ್ನು ಓದಿ, ನಾಲ್ಕನೆಯ ದಿನವೋ ಐದನೆಯ ದಿನವೋ ಕೊಂಡರೂ ಅದೇ ಬಣ, ಅದೇ ಬೆಲೆಗೆ ದೊರೆಯುತ್ತದೆ. ಘೋಷಣೆಯ ದಿನ ದೊಡ್ಡಕ್ಷರದ ಜಾಹೀರಾತನ್ನು ಬಿಟ್ಟು, ಅದರ ಕೆಳಗೆ ಸಣ್ಣಕ್ಷರದಲ್ಲಿ ಈ ಸಾಲು ಇದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳಿತು.