ಅದಿರು ಮುಗಿಯುವ ಮೊದಲೇ ಮುಚ್ಚಿದ ಗಣಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದಲ್ಲಿ, ವರ್ಮಿಲಿಯನ್ ಸರೋವರದ ಬಳಿ ಸೌಡಾನ್ ಗಣಿ ಇದೆ. ಆ ರಾಜ್ಯದ ಮೊದಲ ಕಬ್ಬಿಣದ ಗಣಿ ಇದೇ. 1884ರಲ್ಲಿ ಇಲ್ಲಿನ ಅದಿರು ರೈಲೇರಿ ಸುಪೀರಿಯರ್ ಸರೋವರದ ಟೂ ಹಾರ್ಬರ್ಸ್ ಬಂದರು ತಲುಪಿತು. 1962ರಲ್ಲಿ ಕೆಲಸ ನಿಂತಾಗ ಗಣಿ 27ನೆಯ ಅಂತಸ್ತಿನವರೆಗೆ, ಅಂದರೆ 2,341 ಅಡಿ ಆಳಕ್ಕೆ ಇಳಿದಿತ್ತು. ಒಳಗೆ ಅದಿರು ಇನ್ನೂ ಉಳಿದಿತ್ತು.

ಈ ಗಣಿಯ ಕಥೆಯನ್ನೆಲ್ಲ ಅಲ್ಲಿನ ಕಲ್ಲೇ ಬರೆದಿದೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಲಾವಾ ಹರಿಯಿತು. ಜತೆಗೇ ಕಬ್ಬಿಣ ಮತ್ತು ಸಿಲಿಕಾ ಪದರ ಪದರವಾಗಿ ಕುಳಿತವು. ಆಮೇಲೆ ನೆಲ ಮಡಚಿತು, ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತವು, ಲಾವಾ ಗಟ್ಟಿ ಹಸಿರುಶಿಲೆಯಾಯಿತು. ಗಣಿಯ ಮೇಲಿನ ಬಂಡೆಗಳಲ್ಲಿ ಕೆಂಪು ಜಾಸ್ಪರ್, ಬೂದುಬೆಳ್ಳಿ ಬಣ್ಣದ ಹೆಮಟೈಟ್, ಬಿಳಿಯ ಚರ್ಟ್ ಸೀರೆಯ ನೆರಿಗೆಯಂತೆ ಸುತ್ತಿಕೊಂಡಿರುವುದು ಇಂದಿಗೂ ಕಾಣುತ್ತದೆ. ನಮ್ಮ ಸಂಡೂರು, ಬಾಬಾಬುಡನ್‌ಗಿರಿಗಳ ಪಟ್ಟೆ ಕಬ್ಬಿಣಶಿಲೆಯೂ ಅದೇ ಆರ್ಕಿಯನ್ ಯುಗದ್ದು.

ಆರಂಭದಲ್ಲಿ ಇಲ್ಲಿಯೂ ತೆರೆದ ಗುಂಡಿ ತೋಡಿದರು. ಅದಿರು ಕೆಳಕ್ಕೆ ಇಳಿದಷ್ಟೂ ಗುಂಡಿಯ ಕಡಿದಾದ ಗೋಡೆಗಳು ಅಪಾಯಕಾರಿಯಾದವು. 1890ರ ದಶಕದ ಆರಂಭಕ್ಕೆ ಎಲ್ಲ ಕೆಲಸ ನೆಲದಡಿಗೆ ಸರಿಯಿತು. ಇಕ್ಕೆಲದ ಹಸಿರುಶಿಲೆ ಎಷ್ಟು ಬಿಗಿಯೆಂದರೆ ಮರದ ಆಸರೆ ಅಷ್ಟಾಗಿ ಬೇಕಾಗಲಿಲ್ಲ. ಮೇಲಿನ ಅದಿರನ್ನು ಒಡೆದು ಕೆಳಕ್ಕೆ ಬೀಳಿಸುವುದು, ಖಾಲಿಯಾದ ಜಾಗಕ್ಕೆ ವ್ಯರ್ಥ ಕಲ್ಲು ತುಂಬಿ ಅದರ ಮೇಲೆಯೇ ನಿಂತು ಮತ್ತೆ ಮೇಲಕ್ಕೆ ಕೊರೆಯುವುದು: ಇಂಗ್ಲೆಂಡಿನ ಕಾರ್ನ್‌ವಾಲ್, ಫಿನ್ಲೆಂಡ್, ಸ್ಲೊವೇನಿಯಾಗಳಿಂದ ಬಂದ ಕಾರ್ಮಿಕರು ಹೀಗೆ ದುಡಿದರು.

ಹಳೆಯ ಬಗೆಯ ಓಪನ್ ಹಾರ್ತ್ ಕುಲುಮೆಗೆ ಇಂಥ ಗಟ್ಟಿ, ಶ್ರೀಮಂತ ಹೆಮಟೈಟ್ ಗಡ್ಡೆಗಳು ಬೇಕಿದ್ದವು. ಉಕ್ಕು ಮಾಡುವ ವಿಧಾನ ಬದಲಾಯಿತು. ಬಡ ಕಲ್ಲಾದ ಟ್ಯಾಕೊನೈಟನ್ನು ಪುಡಿಮಾಡಿ ಉಂಡೆ ಕಟ್ಟುವುದು ಅಗ್ಗವಾಯಿತು. ಆಳದ ಗಣಿ ಅದರೊಡನೆ ಪೈಪೋಟಿ ನಡೆಸಲಾರದೆ ಹೋಯಿತು. ಯು.ಎಸ್. ಸ್ಟೀಲ್ ಕಂಪನಿ ಗಣಿಯನ್ನು ರಾಜ್ಯಕ್ಕೆ ದಾನವಾಗಿ ಕೊಟ್ಟಿತು, ಅದು ಉದ್ಯಾನವಾಯಿತು.

ಗಣಿಯ ಎರಡನೆಯ ಬದುಕಿಗೂ ಹಸಿರುಶಿಲೆಯ ಬಿಗಿಯೇ ಆಧಾರ. 1980ರ ದಶಕದಲ್ಲಿ ಭೌತವಿಜ್ಞಾನಿಗಳು ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು ಇಲ್ಲಿಗೆ ಇಳಿದರು. ಅದೇ ಪ್ರಶ್ನೆಗೆ ಆಗ ಕೋಲಾರದ ಚಿನ್ನದ ಗಣಿಯ ಆಳದಲ್ಲಿಯೂ ಉತ್ತರ ಹುಡುಕಲಾಗುತ್ತಿತ್ತು. 1965ರಲ್ಲಿ ವಾತಾವರಣದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಗುರುತು ಸಿಕ್ಕಿದ್ದ ಗಣಿಯದು. ಮುಂದೆ ಸೌಡಾನ್‌ನಲ್ಲಿ ಮಿನೋಸ್ ಎಂಬ 5,400 ಟನ್ನಿನ ಶೋಧಕ ಬಂತು. ಷಿಕಾಗೊ ಸಮೀಪದ ಫರ್ಮಿಲ್ಯಾಬ್ ಕಳಿಸಿದ ನ್ಯೂಟ್ರಿನೊಗಳು ನೆಲದೊಳಗೇ 735 ಕಿಲೋಮೀಟರ್ ಸಾಗಿ ಅದನ್ನು ತಲುಪುತ್ತಿದ್ದವು. ಆ ಪ್ರಯೋಗ 2016ರಲ್ಲಿ ಮುಗಿಯಿತು.

2001ರಲ್ಲಿ ಕೋಲಾರದ ಗಣಿ ಮುಚ್ಚಿತು, ಶಾಫ್ಟ್‌ಗಳಲ್ಲಿ ನೀರು ತುಂಬಿತು. ಸೌಡಾನ್‌ನಲ್ಲಿ ಪಂಪ್‌ಗಳನ್ನು ನಿಲ್ಲಿಸಲಿಲ್ಲ. ಮೇಲೆ ಬರುವ ನೀರಿನಲ್ಲಿ ತಾಮ್ರ, ಕೋಬಾಲ್ಟ್ ಇರುವುದರಿಂದ ಅದನ್ನು ಶುದ್ಧಗೊಳಿಸಿಯೇ ಹೊರಬಿಡಬೇಕು. ಆ ಖರ್ಚನ್ನು ಹೊತ್ತದ್ದರಿಂದಲೇ ಪ್ರವಾಸಿಗರು ಕೇಜ್ ಹತ್ತಿ 27ನೆಯ ಅಂತಸ್ತಿಗೆ ಇಳಿದು, ಪುಟ್ಟ ರೈಲಿನಲ್ಲಿ ಕೊನೆಯ ಕೆಲಸದ ಜಾಗದವರೆಗೆ ಹೋಗುವುದು ಸಾಧ್ಯವಾಯಿತು.