ಕಲ್ಲಿನ ಕಂಬ, ಕಡತದ ಕಟ್ಟು

ಹೊಸದುರ್ಗ ತಾಲ್ಲೂಕಿನ ಬಾಗೂರಿನವರಿಗೆ ಕಲ್ಲಿನ ಕೆಲಸ ಹೊಸತಲ್ಲ. ಊರಿನ ಚೆನ್ನಕೇಶವ ದೇವಾಲಯವನ್ನು ಕಂಡು ಬೆಳೆದ ಕಣ್ಣು ಅವರದು. ಅಂಥವರು ಅರ್ಜಿಯೊಂದನ್ನು ಹಿಡಿದು ಬೆಂಗಳೂರಿನ ವಿಧಾನಸೌಧದ ಮುಂದೆ ನಿಂತರೆ ಗುಡಿಯ ನೆನಪಾಗುವುದು ಸಹಜ. 40 ಅಡಿ ಎತ್ತರದ 12 ಕಂಬಗಳು, ಮೇಲೆ 60 ಅಡಿ ವ್ಯಾಸದ ಗುಮ್ಮಟ, ಅದರ ನೆತ್ತಿಯಲ್ಲಿ ನಾಲ್ಮುಖದ ಸಿಂಹ! ಕಟ್ಟಿಸಿದವರ ಮನಸ್ಸಿನಲ್ಲಿದ್ದುದೂ ಗುಡಿಯೇ. ಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೊರೆಯಿಸಿರುವುದನ್ನು ಬಲ್ಲದವರಾರು?

1951ರ ಜುಲೈ 13ರಂದು ನೆಹರೂ ಅವರು ಶಂಕುಸ್ಥಾಪನೆ ಮಾಡಿದಾಗ ಯೋಜನೆ ಸರಳವಾಗಿತ್ತು. ಮರುವರ್ಷ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರು ಅದನ್ನು ಹಿಗ್ಗಿಸಿದರು. ಬೆಂಗಳೂರಿಗೆ ಬಂದಿದ್ದ ರಷ್ಯನ್ನರು ಇಲ್ಲಿನ ಕಟ್ಟಡಗಳೆಲ್ಲ ಪರದೇಶದ ಮಾದರಿಯವು, ನಿಮ್ಮದೆನ್ನುವ ಶಿಲ್ಪವಿಲ್ಲವೇ ಎಂದು ಕೇಳಿದ್ದೇ ಅವರಿಗೆ ನಾಟಿತೆಂದು ಹೇಳುವುದುಂಟು. ಮುಖ್ಯ ಇಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರು ದ್ರಾವಿಡ ಶೈಲಿಯಲ್ಲಿ ಅದಕ್ಕೆ ರೂಪ ಕೊಟ್ಟರು. ಮಲ್ಲಸಂದ್ರ, ಹೆಸರಘಟ್ಟಗಳ ಬೂದುಗಲ್ಲು, ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಹಸಿರುಗಪ್ಪು ಕಲ್ಲುಗಳು ಬಂದವು. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ವೆಚ್ಚ ಸುಮಾರು 1.84 ಕೋಟಿ ರೂಪಾಯಿ ಮುಟ್ಟಿ, ದುಂದುಗಾರಿಕೆಯೆಂಬ ಟೀಕೆ ಎದ್ದಿತ್ತು. ಆ ವರ್ಷದ ಆಗಸ್ಟ್‌ನಲ್ಲಿಯೇ ಅಧಿಕಾರ ಬಿಟ್ಟ ಹನುಮಂತಯ್ಯನವರಿಗೆ ಮುಖ್ಯಮಂತ್ರಿಯಾಗಿ ಅಲ್ಲಿ ಕುಳಿತು ಆಳುವ ಯೋಗ ಕೂಡಿಬರಲಿಲ್ಲ.

ಇವರಿಬ್ಬರ ಹೆಸರುಗಳು ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ದುಡಿದ ಸುಮಾರು 5,000 ಕೂಲಿಗಳಲ್ಲಿ ಬಹುಮಂದಿ ಸೆರೆಮನೆಯ ಕೈದಿಗಳು. ಅವರೊಡನೆ ಸುಮಾರು 1,500 ಮಂದಿ ಕಲ್ಲುಕುಟಿಗರೂ ಮರಗೆತ್ತನೆಯವರೂ ಇದ್ದರು. ಕಂಬದ ನುಣುಪನ್ನು ಕೈಯಿಂದ ಸವರಿ ಮೆಚ್ಚುವ ನಾವು ಆ ಕೈಗಳನ್ನು ನೆನೆಯುವುದು ಅಪರೂಪ.

ಒಳಗಿನ ನೋಟವೇ ಬೇರೆ. ಮುಂದಿನ ವಿಶಾಲ ಸೋಪಾನ ಸಮಾರಂಭಗಳಿಗೆ. ಅರ್ಜಿದಾರರಿಗೆ ಪಕ್ಕದ ಬಾಗಿಲು, ಚೀಟಿ, ತಪಾಸಣೆ. ಉದ್ದನೆಯ ಪಡಸಾಲೆಯಲ್ಲಿ ಕೋಣೆಯ ಸಂಖ್ಯೆ ಹುಡುಕುವವನಿಗೆ ತಲೆಯೆತ್ತಿ ಬಳ್ಳಿಯ ಕೆತ್ತನೆ ನೋಡುವ ವ್ಯವಧಾನವೆಲ್ಲಿ? ಬಾಗಿಲ ಬಳಿ ದಲಾಯತ, ಅವನ ಮುಖದಿಂದಲೇ ಸಾಹೇಬರ ಮನಃಸ್ಥಿತಿಯನ್ನು ಅಳೆಯುವ ಜನ, ಕಾಫಿಯ ಲೋಟಗಳ ಸದ್ದು, ಗಣಕಯಂತ್ರ ಬಂದ ಮೇಲೂ ಪೂರ್ತಿ ಮರೆಯಾಗದ ಕಡತದ ಕಟ್ಟುಗಳು. (ಗುಡಿಯಲ್ಲಾದರೆ ಮಂಗಳಾರತಿಯ ಹೊತ್ತು ತಿಳಿದಿರುತ್ತದೆ, ಇಲ್ಲಿ ಆ ಭರವಸೆಯಿಲ್ಲ!) ಸಚಿವ ಸಂಪುಟದ ಸಭಾಂಗಣಕ್ಕಿರುವ ಶ್ರೀಗಂಧದ ಕೆತ್ತನೆಯ ಬಾಗಿಲು ಈ ಸೌಧದ ಶ್ರೇಷ್ಠ ಕಲಾಕೃತಿಗಳಲ್ಲಿ ಒಂದು. ನನ್ನ ಮಟ್ಟಿಗೆ ಹೊರಗಿನ ಅಷ್ಟೂ ಕಂಬಗಳಿಗಿಂತ ಅದೇ ಹೆಚ್ಚಿನದು. ಆದರೆ ಬಾಗೂರಿನ ಅರ್ಜಿದಾರನಿಗೆ ಅಲ್ಲಿಯವರೆಗೆ ದಾರಿಯಿಲ್ಲ. 2025ರ ಜೂನ್‌ನಿಂದ ಪ್ರವಾಸೋದ್ಯಮ ಇಲಾಖೆ ರಜಾದಿನಗಳಲ್ಲಿ ಸೌಧವನ್ನು ತೋರಿಸುವ ಏರ್ಪಾಡು ಮಾಡಿತು. ಕೆಲಸದ ಗಡಿಬಿಡಿಯಿಲ್ಲದೆ ಶಿಲ್ಪವನ್ನು ನೋಡಲು ಸಂಸಾರವಂದಿಗರಿಗೆ ಅದೊಂದು ಅವಕಾಶ.

ಹಾಗೆಂದು ಆ ಬಾಗಿಲಿಗೂ ಹೊಸದುರ್ಗದವರಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಅವರು 1962ರ ಚುನಾವಣೆಯಲ್ಲಿ ನಿಂತದ್ದು ಹೊಸದುರ್ಗದಲ್ಲಿ. ಮತದಾರರು ಅವರನ್ನು ಸೋಲಿಸಿದರು. ಬಾಗಲಕೋಟೆಯಿಂದ ಗೆದ್ದು ಅವರು ಮರಳಿ ಬರುವವರೆಗೆ, ಸುಮಾರು ಮೂರು ತಿಂಗಳು, ಮುಖ್ಯಮಂತ್ರಿಗಳಾಗಿ ಆ ಸೌಧದಲ್ಲಿ ಕುಳಿತವರು ಎಸ್. ಆರ್. ಕಂಠಿ.