ಕೌಬಾಯ್‌ಗೆ ಎದುರಾದ ಅಸಲಿ ವಿಲನ್!

ಕೌಬಾಯ್ ಚಿತ್ರ ಅಂದರೆ ನಮ್ಮ ಗಾಂಧಿ ಕ್ಲಾಸಿನ ಮಹಾಪ್ರಭುಗಳಿಗೆ ಬೇಕಾದ್ದು ಮೂರೇ ಮೂರು. ಕುದುರೆ, ಕೋವಿ, ಬಂಗಾರ! 'ಮೆಕೆನ್ನಾಸ್ ಗೋಲ್ಡ್' (1969) ನೋಡುತ್ತಾ ಸೀಟಿನ ತುದಿಗೆ ಬಂದು ಕೂತವರು ಒಬ್ಬಿಬ್ಬರೇ? ಆದರೆ ನೆಲ ಅಗೆಯುವವನೂ ಅದೇ ನೆಲದಲ್ಲಿ ದನ ಮೇಯಿಸುವವನೂ ಎದುರುಬದುರು ನಿಂತರೆ?

1978ರ 'ಕಮ್ಸ್ ಎ ಹಾರ್ಸ್‌ಮನ್' ಇದಕ್ಕೆ ಹತ್ತಿರದ ಕಥೆ. ನಿರ್ದೇಶಕ ಅಲನ್ ಪಕುಲಾ. ಜೇನ್ ಫೊಂಡಾ ಒಂಟಿಯಾಗಿ ದನ ಸಾಕುವ ಗಟ್ಟಿಗಿತ್ತಿ. ಜೇಸನ್ ರೋಬಾರ್ಡ್ಸ್ ಸುತ್ತಲಿನ ನೆಲವನ್ನೆಲ್ಲ ನುಂಗಲು ಹೊರಟ ದೊಡ್ಡ ಕುಳ. ಇಬ್ಬರ ನೆಲದ ಮೇಲೂ ಎಣ್ಣೆ ಕಂಪನಿಯ ಕಣ್ಣು! ಜೇಮ್ಸ್ ಕಾನ್ ಹೀರೋ ಆದರೂ ನಮ್ಮ ಓಟು ಮುದಿ ಆಳು ರಿಚರ್ಡ್ ಫಾರ್ನ್ಸ್‌ವರ್ತ್‌ಗೆ. ವರ್ಷಗಟ್ಟಲೆ ಸ್ಟಂಟ್ ಮಾಡಿಕೊಂಡಿದ್ದ ಈ ಮನುಷ್ಯ ಇದೊಂದು ಪಾತ್ರದಿಂದ ಆಸ್ಕರ್ ಪಟ್ಟಿಗೇ ಏರಿದ.

ಎಣ್ಣೆ ತೆಗೆದು ಆ ಜಾಗದಲ್ಲಿ ಕಲ್ಲಿದ್ದಲು ಇಡಿ. 1970ರ ದಶಕದಲ್ಲಿ ಮಾಂಟಾನಾ ರಾಜ್ಯದಲ್ಲಿ ಕ್ಯಾಮೆರಾ ಇಲ್ಲದೆಯೇ ಈ ಕಥೆ ನಡೀತಿತ್ತು ಸ್ವಾಮಿ!

ಮೊದಲು ಸ್ವಲ್ಪ ಫ್ಲ್ಯಾಶ್‌ಬ್ಯಾಕ್. ಒಂದು ಕಾಲಕ್ಕೆ ಅಲ್ಲಿ ಬೇಲಿಯೇ ಇರಲಿಲ್ಲ. ದನ ಹೋದಷ್ಟೂ ಹುಲ್ಲುಗಾವಲು. 1886-87ರ ಭೀಕರ ಚಳಿಗಾಲದಲ್ಲಿ ಹಿಂಡುಹಿಂಡಾಗಿ ದನ ಸತ್ತವು. ಮುಳ್ಳುತಂತಿ ಬಂತು. 1916ರಲ್ಲಿ ಸರ್ಕಾರ ದನ ಸಾಕುವವರಿಗೆ ತಲಾ 640 ಎಕರೆವರೆಗೆ ಕೊಡುವ ಕಾನೂನು ಮಾಡಿತು. ಕೊಟ್ಟ ಕೈಯಲ್ಲೇ ಒಂದು ಕೊಕ್ಕೆ! ಮೇಲಿನ ಹುಲ್ಲು ನಿನ್ನದು, ಕೆಳಗಿನ ಖನಿಜ ನನ್ನದು. ಹಲವು ದಶಕ ಆ ಕೊಕ್ಕೆ ಹೆಚ್ಚಿನವರಿಗೆ ಚುಚ್ಚಲಿಲ್ಲ.

(ಅದಕ್ಕೂ ಮುಂಚೆ ಆ ಹುಲ್ಲು ಶೆಯೆನ್, ಕ್ರೋ ಜನರ ಕಾಡೆಮ್ಮೆಗಳದ್ದು. ಕೌಬಾಯ್ ಚಿತ್ರಗಳು ಈ ರೀಲನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ!)

1971ರಲ್ಲಿ ಒಂದು ಸರ್ಕಾರಿ ವರದಿ ಬಂತು. ಆ ಬಯಲು ಸೀಮೆಯಲ್ಲಿ 42 ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟಬಹುದಂತೆ! ಬಿಲಿಂಗ್ಸ್ ಊರಿನ ಉತ್ತರಕ್ಕಿರುವ ಬುಲ್ ಮೌಂಟನ್ಸ್ ಬೆಟ್ಟಗಳಿಗೆ ಕಂಪನಿಯ ಏಜೆಂಟರು ಚೆಕ್‌ಬುಕ್ ಹಿಡಿದು ಬಂದರು. ಅಲ್ಲಿನ ದನಗಾರ ಬಾಯ್ಡ್ ಚಾರ್ಟರ್ ಮಾರುವುದಿಲ್ಲ ಅಂದುಬಿಟ್ಟ. ಅವನದು ಬರೀ ಹಟ ಅಲ್ಲ. ಆ ಸೀಮೆಯಲ್ಲಿ ಬಾವಿ, ಒರತೆಗಳ ನೀರು ಹರಿಯೋದೇ ಕಲ್ಲಿದ್ದಲಿನ ಪದರದೊಳಗೆ. ಮೇಲಿನ ಮಣ್ಣು ಬಗೆದು ಕಲ್ಲಿದ್ದಲು ಎತ್ತಿದರೆ ನೀರೂ ಹೋಯ್ತು. ನೀರಿಲ್ಲದ ಮೇಲೆ ದನ ಎಲ್ಲಿ?

1972ರಲ್ಲಿ ಅಕ್ಕಪಕ್ಕದವರೆಲ್ಲ ಸೇರಿ 'ನಾರ್ದರ್ನ್ ಪ್ಲೇನ್ಸ್ ರಿಸೋರ್ಸ್ ಕೌನ್ಸಿಲ್' ಕಟ್ಟಿದರು. ಬಾಯ್ಡ್‌ನ ಹೆಂಡತಿ ಆನ್ ಚಾರ್ಟರ್ ಕೂಡ ಅದರ ಮುಂಚೂಣಿಯಲ್ಲಿದ್ದಳು. ಕೋವಿ ಎತ್ತಲಿಲ್ಲ, ಢಿಶುಂ ಢಿಶುಂ ಇಲ್ಲ. ಕಾಗದ, ಸಭೆ, ಸಾಕ್ಷಿ ಹೇಳಿಕೆ. ನಮ್ಮ ಸ್ಟಂಟ್ ಮಾಸ್ಟರುಗಳಿಗೆ ಇಲ್ಲಿ ಕೆಲಸವೇ ಇಲ್ಲ! ಆದರೆ ಸಸ್ಪೆನ್ಸ್‌ಗೆ ಏನೂ ಕಮ್ಮಿ ಇರಲಿಲ್ಲ. ಬಗೆಯುವ ಗಣಿಗೆ ಮೂಗುದಾರ ಹಾಕುವ ಮಸೂದೆಯನ್ನು 1974ರಲ್ಲಿ ಅಧ್ಯಕ್ಷ ಫೋರ್ಡ್ ತಡೆದರು. 1975ರಲ್ಲಿ ಮತ್ತೆ ತಡೆದರು! ಎಣ್ಣೆ ಬಿಕ್ಕಟ್ಟಿನ ಕಾಲ, ದೇಶಕ್ಕೆ ಕಲ್ಲಿದ್ದಲು ಬೇಕು ಅನ್ನೋ ವಾದ. ಕೊನೆಗೆ 1977ರ ಆಗಸ್ಟ್ 3ರಂದು ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು. ಅಗೆದ ನೆಲವನ್ನು ಕಂಪನಿಯೇ ಸರಿಮಾಡಬೇಕು. ದನಗಾರನ ಹುಲ್ಲಿನಡಿ ಸರ್ಕಾರದ ಕಲ್ಲಿದ್ದಲಿದ್ದರೆ, ಹಾಗೆ ಬಗೆಯಲು ಅವನ ಲಿಖಿತ ಒಪ್ಪಿಗೆ ಬೇಕು. 1916ರ ಕೊಕ್ಕೆ ಅಷ್ಟರಮಟ್ಟಿಗೆ ಸಡಿಲವಾಯಿತು.

ಪೂರಾ ಗೆಲುವು ಅನ್ನೋಣವೇ? ಕೋಲ್‌ಸ್ಟ್ರಿಪ್ ಊರಿನಲ್ಲಿ 1986ರ ಹೊತ್ತಿಗೆ ನಾಲ್ಕು ವಿದ್ಯುತ್ ಘಟಕ ಎದ್ದುನಿಂತವು. ಅದರಲ್ಲಿ ಎರಡಕ್ಕೆ ಬೀಗ ಬಿದ್ದದ್ದು 2020ರಲ್ಲಿ. ಬುಲ್ ಮೌಂಟನ್ಸ್‌ನಲ್ಲಿ ಮುಂದೆ ಸುರಂಗದ ಗಣಿ ಬಂತು. ಹುಲ್ಲು ಮೇಲೆಯೇ ಉಳಿಯಿತು, ಯಂತ್ರ ಅಡಿಯಲ್ಲಿ ಕೊರೆಯಿತು. ಆಮೇಲಿನ ಜಗಳ ಮತ್ತೆ ಅದೇ ಒರತೆಗಳ ನೀರಿಗೆ.